ಎತ್ತರಿಸಿದ ಕಾರು, ತಗ್ಗದ ಉಬ್ಬು

ಪುಣೆಯಲ್ಲಿ ನಾವು ವಾಸಿಸುವ ಸಂಕೀರ್ಣದ ಕೊನೆಯ ಕಟ್ಟಡದಿಂದ ಮುಖ್ಯರಸ್ತೆಗೆ ಇರುವ ದೂರ ಆರುನೂರು ಮೀಟರಿನಷ್ಟು. ಅಷ್ಟರೊಳಗೆ ಒಂಬತ್ತು ಉಬ್ಬುಗಳು. ನಾಲ್ಕು ಗೇಟಿನ ಒಳಗೆ, ಐದು ಹೊರಗೆ. ಒಳಗಿನವು ನಮ್ಮ ಸೊಸೈಟಿಯವು, ಹೊರಗಿನವು ನಗರಪಾಲಿಕೆಯವು. ನಮ್ಮದು ಹತ್ತು ವರ್ಷ ಹಳೆಯ ಸೆಡಾನ್ ಕಾರು. ಗಂಡ ಹೆಂಡತಿ ಇಬ್ಬರೇ ಕುಳಿತಿದ್ದರೆ ಉಬ್ಬುಗಳನ್ನು ಹೇಗೋ ದಾಟುತ್ತಿತ್ತು. ವಿಜಯಪುರದಿಂದ ಹಿರಿಯರು ಬಂದು, ಡಿಕ್ಕಿಯಲ್ಲಿ ಜೋಳದ ಹಿಟ್ಟಿನ ಚೀಲವೂ ಸೇರಿದರೆ, ಒಳಗಿನ ಎರಡನೆಯ ಉಬ್ಬಿನ ಮೇಲೆ ಕಾರಿನ ಹೊಟ್ಟೆ ಕರಕರನೆ ಉಜ್ಜಿಕೊಂಡೇ ಸಾಗುತ್ತಿತ್ತು. ಆ ಸದ್ದು ಬರುವ ಮೊದಲೇ ಹಿಂದಿನ ಸೀಟಿನಲ್ಲಿದ್ದ ನಮ್ಮ ತಂದೆಯವರು ತಮ್ಮ ಭಾರ ಕಡಿಮೆಯಾಗಲಿ ಎಂಬಂತೆ ಉಸಿರು ಬಿಗಿಹಿಡಿದು ತುಸು ಮೇಲೇಳುತ್ತಿದ್ದರು.

ಈ ಎರಡನೆಯ ಉಬ್ಬಿನ ಹುಟ್ಟಿಗೆ ನಾವೂ ಕಾರಣರು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಮೂರು ವರ್ಷಗಳ ಹಿಂದೆ ಮಕ್ಕಳ ಆಟದ ಅಂಗಳದ ಬಳಿ ವೇಗವಾಗಿ ಬಂದ ಕಾರೊಂದು ಸೈಕಲ್ ಮೇಲಿದ್ದ ಹುಡುಗಿಗೆ ತಗುಲಿತು. ಹುಡುಗಿಗೆ ತರಚುಗಾಯವಷ್ಟೇ ಆಯಿತು, ದೇವರು ದೊಡ್ಡವನು. ಅಂದು ಸಂಜೆಯೇ ಉಬ್ಬು ಬೇಕೆಂಬ ಅರ್ಜಿ ಸಿದ್ಧವಾಯಿತು. ಸಹಿ ಮಾಡಿದವರಲ್ಲಿ ನಾವೂ ಇದ್ದೆವು. ವಾರದೊಳಗೆ ಗುತ್ತಿಗೆದಾರನ ಇಬ್ಬರು ಆಳುಗಳು ಬಂದು ಅರ್ಧ ದಿನದಲ್ಲಿ ಕೆಲಸ ಮುಗಿಸಿ ಹೋದರು. ಅವರ ಕೈಯಲ್ಲಿ ಸಲಿಕೆ ಇತ್ತು, ಡಾಂಬರು ಇತ್ತು; ಅಳತೆಯ ಟೇಪು ಇರಲಿಲ್ಲ. ಒಲೆಯಿಂದ ಈಗತಾನೇ ಇಳಿಸಿದ ಬ್ರೆಡ್ಡಿನಂತೆ ಉಬ್ಬಿ ನಿಂತ ಆ ಆಕೃತಿಯನ್ನು ನಾವಾರೂ ಪ್ರಶ್ನಿಸಲಿಲ್ಲ. ಉಬ್ಬು ಬೇಕೆಂದೆವು, ಉಬ್ಬು ಬಂತು. ಅದು ಎಂಥ ಉಬ್ಬಾಗಿರಬೇಕು ಎಂಬ ಮಾತು ಅರ್ಜಿಯಲ್ಲಿರಲಿಲ್ಲ.

ಮುಂದಿನ ಮಳೆಗಾಲದ ಹೊತ್ತಿಗೆ ನಮ್ಮ ಕಾರು ಗ್ಯಾರೇಜು ಸೇರಿತು. ಉಬ್ಬು ದಾಟಿದ ಮೇಲೂ ಅದು ದೋಣಿಯಂತೆ ಎರಡು ಮೂರು ಸಲ ತೂಗಾಡುತ್ತಿತ್ತು. ಹಿಂದಿನ ಶಾಕ್ ಅಬ್ಸಾರ್ಬರುಗಳ ಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿತ್ತು. ಮೆಕ್ಯಾನಿಕ್ ಕಾರಿನ ಒಂದು ಮೂಲೆಯನ್ನು ಎರಡೂ ಕೈಗಳಿಂದ ಅದುಮಿ ಬಿಟ್ಟು ತೋರಿಸಿದ. ಒಮ್ಮೆ ಮೇಲೆದ್ದು ನಿಲ್ಲಬೇಕಾದ ಕಾರು ನಿಲ್ಲದೆ ಕುಣಿಯಿತು. ‘ನಾಲ್ಕೂ ಬದಲಿಸಿ, ಜೊತೆಗೇ ಒಂದಿಷ್ಟು ಎತ್ತರಿಸಿಬಿಡೋಣ, ಈ ಊರಿನಲ್ಲಿ ಎಲ್ಲರೂ ಮಾಡಿಸುತ್ತಾರೆ’ ಎಂದ. ಎಲ್ಲರೂ ಮಾಡಿಸುತ್ತಾರೆ ಎಂಬ ಮಾತಿಗಿಂತ ದೊಡ್ಡ ಪ್ರಮಾಣಪತ್ರ ನಮ್ಮ ದೇಶದಲ್ಲಿ ಇನ್ನಾವುದಿದೆ? ನಾವು ಒಪ್ಪಿದೆವು.

ಇಲ್ಲಿ ಆ ವಿದ್ಯೆಯ ಬಗ್ಗೆ ನಾಲ್ಕು ಮಾತು ಹೇಳುವುದು ಅವಶ್ಯ. ಶಾಕ್ ಅಬ್ಸಾರ್ಬರ್ ಎಂಬ ಹೆಸರೇ ಕೊಂಚ ದಾರಿ ತಪ್ಪಿಸುವಂಥದು. ರಸ್ತೆಯ ಆಘಾತವನ್ನು ಮೊದಲು ಮೈಮೇಲೆ ಎಳೆದುಕೊಳ್ಳುವುದು ಟಯರು, ಅನಂತರ ಸ್ಪ್ರಿಂಗು. ಕಾರಿನ ಭಾರವನ್ನು ಹೊತ್ತಿರುವುದೂ ಸ್ಪ್ರಿಂಗೇ. ಆದರೆ ಸ್ಪ್ರಿಂಗಿಗೆ ಮರೆವೆಂಬುದಿಲ್ಲ. ಅದುಮಿದ ಶಕ್ತಿಯನ್ನೆಲ್ಲ ಹಿಂದಿರುಗಿಸುತ್ತದೆ, ಮತ್ತೆ ಅದುಮಿಸಿಕೊಳ್ಳುತ್ತದೆ. ಈ ಕುಣಿತವನ್ನು ಆರಿಸುವುದೇ ಶಾಕ್ ಅಬ್ಸಾರ್ಬರಿನ ಕೆಲಸ. ಕೊಳವೆಯೊಳಗಿನ ಪಿಸ್ಟನ್ನು ಕಿರಿದಾದ ರಂಧ್ರಗಳ ಮೂಲಕ ಎಣ್ಣೆಯನ್ನು ದೂಡುತ್ತದೆ. ಚಲನೆಯ ಶಕ್ತಿ ಶಾಖವಾಗಿ ಗಾಳಿಗೆ ಸೇರುತ್ತದೆ. ಬ್ರಿಟಿಷರು ಇದನ್ನು ಡ್ಯಾಂಪರ್ ಎನ್ನುತ್ತಾರೆ, ಅದೇ ಹೆಚ್ಚು ಪ್ರಾಮಾಣಿಕವಾದ ಹೆಸರು. ಅದು ಸೋತಾಗ ಪ್ರಯಾಣ ಅಹಿತಕರವಾಗುವುದು ಸಣ್ಣ ಸಂಗತಿ. ಟಯರು ನೆಲವನ್ನು ಸರಿಯಾಗಿ ಕಚ್ಚದೆ ಬ್ರೇಕು ಹಾಕಿದ ಕಾರು ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುವುದು ದೊಡ್ಡ ಸಂಗತಿ. ಹಾಳಾದ ಶಾಕ್ ಅಬ್ಸಾರ್ಬರನ್ನು ಬದಲಿಸುವುದು ಶೋಕಿಯಲ್ಲ, ಕರ್ತವ್ಯ. ಬದಲಿಸುವಾಗ ಒಂದು ಅಚ್ಚಿನ ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಎತ್ತರಿಸುವುದು ಬೇರೆಯದೇ ಮಾತು. ಅದಕ್ಕೆ ಹಲವು ದಾರಿಗಳಿವೆ. ಸ್ಪ್ರಿಂಗಿನ ಸುರುಳಿಗಳ ನಡುವೆ ಗಟ್ಟಿ ರಬ್ಬರಿನ ಬಿಲ್ಲೆಗಳನ್ನು ತೂರಿಸುವುದು ಅಗ್ಗದ ದಾರಿ. ಮುಂದಿನ ಸ್ಟ್ರಟ್ಟಿನ ತಲೆಯ ಮೇಲೆ ಲೋಹದ ಸ್ಪೇಸರ್ ಇಡುವುದು ಇನ್ನೊಂದು. ಇನ್ನೂ ಉದ್ದದ, ಬಿರುಸಾದ ಸ್ಪ್ರಿಂಗು ಹಾಕಿಸುವುದು ಮತ್ತೊಂದು. ಯಾವುದೂ ಪುಕ್ಕಟೆಯಲ್ಲ, ಹಣದ ಲೆಕ್ಕದಲ್ಲಿ ಮಾತ್ರ ಹೇಳುತ್ತಿಲ್ಲ. ಬಿಲ್ಲೆ ತೂರಿಸಿದಾಗ ಕೆಲಸ ಮಾಡುವ ಸುರುಳಿಗಳ ಸಂಖ್ಯೆ ಇಳಿಯುತ್ತದೆ, ಅಷ್ಟರಮಟ್ಟಿಗೆ ಸ್ಪ್ರಿಂಗು ಬಿರುಸಾಗುತ್ತದೆ. ಹಳೆಯ ಸ್ಪ್ರಿಂಗಿಗೆಂದು ಹದಮಾಡಿದ ಶಾಕ್ ಅಬ್ಸಾರ್ಬರಿಗೆ ಈ ಹೊಸ ಬಿರುಸನ್ನು ಪಳಗಿಸುವುದು ಕಷ್ಟ. ಸ್ಪೇಸರ್ ಇಟ್ಟಾಗ ಚಕ್ರಗಳ ಕೋನ ಬದಲಾಗುತ್ತದೆ. ಅಲೈನ್‌ಮೆಂಟ್ ಮಾಡಿಸದಿದ್ದರೆ ಟಯರು ಒಂದೇ ಕಡೆ ಸವೆಯುತ್ತದೆ. ಎಂಜಿನ್ನಿನಿಂದ ಚಕ್ರಕ್ಕೆ ಹೋಗುವ ದಂಡದ ಕೀಲುಗಳು ತಮಗೆ ಒಗ್ಗದ ಓರೆಯಲ್ಲಿ ತಿರುಗುತ್ತವೆ. ದೀಪದ ಬೆಳಕು ಎದುರಿಗೆ ಬರುವವನ ಕಣ್ಣಿಗೆ ಬೀಳುವಷ್ಟು ಮೇಲೇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಕಾರಿನ ಗುರುತ್ವಕೇಂದ್ರ ಮೇಲೇರುತ್ತದೆ. ಹೆದ್ದಾರಿಯ ವೇಗದಲ್ಲಿ ಹಠಾತ್ತನೆ ಸ್ಟಿಯರಿಂಗ್ ತಿರುಗಿಸಬೇಕಾಗಿ ಬಂದ ಗಳಿಗೆಯಲ್ಲಿ ಅದರ ಅರ್ಥ ತಿಳಿಯುತ್ತದೆ.

ಇದನ್ನೆಲ್ಲ ನಾವು ಆಮೇಲೆ ಓದಿ ತಿಳಿದದ್ದು. ಆ ದಿನ ನಾಲ್ಕು ಹೊಸ ಶಾಕ್ ಅಬ್ಸಾರ್ಬರುಗಳು, ರಬ್ಬರಿನ ಬಿಲ್ಲೆಗಳು, ಎರಡು ಸ್ಪೇಸರುಗಳು ಎಲ್ಲ ಕೂಡಿ ಒಂದು ಸಣ್ಣ ತೀರ್ಥಯಾತ್ರೆಯ ಖರ್ಚಾಯಿತು. ಕಾರು ಎರಡೂವರೆ ಸೆಂಟಿಮೀಟರು ಎತ್ತರವಾಯಿತು. ಮರುದಿನ ಎರಡನೆಯ ಉಬ್ಬನ್ನು ಸದ್ದಿಲ್ಲದೆ ದಾಟಿದಾಗ ಆದ ಸಂತೋಷವನ್ನು ಮುಚ್ಚಿಡಲಾರೆವು. ನಾಲ್ಕು ದಿನದಲ್ಲಿ ಆ ಉಬ್ಬು ಅಲ್ಲಿದೆ ಎಂಬುದೇ ನಮಗೆ ಮರೆತುಹೋಯಿತು.

ಅದನ್ನು ನೆನಪಿಸಿದವನು ಹಾಲು ಹಾಕುವ ಹುಡುಗ. ಶ್ರಾವಣದ ಒಂದು ಬೆಳಗಿನ ಜಾವ, ಮಳೆ ಹನಿಯುತ್ತಿದ್ದಾಗ, ಬೀದಿದೀಪ ಆರಿದ್ದಾಗ, ಬಣ್ಣ ಕಾಣದ ಆ ಉಬ್ಬಿನ ಮೇಲೆ ಅವನ ಮೊಪೆಡ್ ಹಾರಿ ಬಿತ್ತು. ಎಡಗೈಯ ಮಣಿಕಟ್ಟು ಮುರಿಯಿತು. ಆರು ವಾರ ಅವನ ಬದಲು ಅವನ ತಾಯಿ ಚೀಲ ಹೊತ್ತು ಮಹಡಿ ಮಹಡಿ ಹತ್ತಿ ಹಾಲು ಹಾಕಿದಳು. ನಾವು ಒಂದಿಷ್ಟು ಹಣ ಕೊಟ್ಟೆವು. ಕೊಡುವಾಗ ಒಂದು ಮಾತು ಮನಸ್ಸಿನಲ್ಲಿ ಚುಚ್ಚುತ್ತಿತ್ತು. ನಮ್ಮ ಕಾರಿನ ಹೊಟ್ಟೆ ಉಜ್ಜುತ್ತಿದ್ದ ದಿನಗಳಲ್ಲಿ ನಾವು ಆ ಉಬ್ಬಿನ ಬಗ್ಗೆ ವಾರಕ್ಕೊಮ್ಮೆಯಾದರೂ ಕಾರ್ಯದರ್ಶಿಯವರಿಗೆ ಹೇಳುತ್ತಿದ್ದೆವು. ಕಾರು ಎತ್ತರವಾದ ದಿನದಿಂದ ಒಮ್ಮೆಯೂ ಹೇಳಿರಲಿಲ್ಲ.

ಹಳೆಯ ಕತೆಯೊಂದನ್ನು ನಾವೆಲ್ಲ ಕೇಳಿದ್ದೇವೆ. ಕಾಲಿಗೆ ಧೂಳು ತಾಗುತ್ತದೆಂದು ರಾಜನೊಬ್ಬ ಭೂಮಿಯನ್ನೆಲ್ಲ ಚರ್ಮದಿಂದ ಹೊದಿಸಲು ಹೊರಟನಂತೆ. ಅಷ್ಟೇಕೆ, ತಮ್ಮ ಪಾದಗಳಿಗಷ್ಟೇ ಚರ್ಮ ಹೊದಿಸಿಕೊಳ್ಳಿ ಎಂದು ಒಬ್ಬ ಜಾಣ ಹೇಳಿದನಂತೆ. ಚಪ್ಪಲಿ ತೊಟ್ಟವನಿಗೆ ನೆಲವೆಲ್ಲ ಚರ್ಮವೇ ಎಂಬ ಈ ವಿವೇಕವನ್ನು ನಾವು ಶಾಲೆಯಿಂದ ಮೆಚ್ಚುತ್ತ ಬಂದಿದ್ದೇವೆ. ಜಗತ್ತನ್ನು ತಿದ್ದುವ ಬದಲು ನಿನ್ನನ್ನು ತಿದ್ದಿಕೋ ಎಂಬುದು ಅದರ ತಾತ್ಪರ್ಯ. ಮನಸ್ಸಿನ ಸಂಗತಿಯಲ್ಲಿ ಅದು ನಿಜವೇ ಇರಬಹುದು. ರಸ್ತೆಯ ಸಂಗತಿಯಲ್ಲಿ ಆ ಕತೆಗೆ ಒಂದು ಪ್ರಶ್ನೆ ಕೇಳಬೇಕಾಗಿದೆ: ರಾಜನಿಗೆ ಚಪ್ಪಲಿ ಬಂದ ಮೇಲೆ ಆ ರಾಜ್ಯದ ಬರಿಗಾಲಿನವರ ಗತಿ ಏನಾಯಿತು? ಧೂಳಿನ ಬಗ್ಗೆ ಕೂಗಾಡಬಲ್ಲ ಒಂದೇ ಒಂದು ಗಂಟಲು ಅಂದಿನಿಂದ ಮೌನವಾಯಿತಲ್ಲವೇ?

ನಮ್ಮ ವಾದ ಇಷ್ಟೇ. ಕಾರು ಎತ್ತರಿಸುವುದು ಯಂತ್ರವಿದ್ಯೆಯ ದೃಷ್ಟಿಯಿಂದ ಅರೆಬರೆ ಪರಿಹಾರ, ಪೌರಜೀವನದ ದೃಷ್ಟಿಯಿಂದ ಪರಿಹಾರವೇ ಅಲ್ಲ. ಅದು ದೂರು ಕೊಡಬಲ್ಲವನನ್ನು ದೂರಿನಿಂದ ಮೇಲೆತ್ತಿಬಿಡುತ್ತದೆ.

ಹಾಗಾದರೆ ಉಬ್ಬು ಹೇಗಿರಬೇಕು? ಇದಕ್ಕೆ ಉತ್ತರ ಹುಡುಕಲು ಯಾವ ಸಂಶೋಧನೆಯೂ ಬೇಕಿಲ್ಲ. ಜಯಕರ್ ಸಮಿತಿಯ ಶಿಫಾರಸಿನ ಫಲವಾಗಿ 1934ರಲ್ಲಿ ಹುಟ್ಟಿದ ಭಾರತೀಯ ರಸ್ತೆ ಕಾಂಗ್ರೆಸ್ ಉಬ್ಬುಗಳಿಗಾಗಿಯೇ ಐಆರ್‌ಸಿ 99 ಎಂಬ ಮಾರ್ಗಸೂಚಿಯನ್ನು 1988ರಲ್ಲಿ ಹೊರತಂದಿತು. 2018ರಲ್ಲಿ ಅದನ್ನು ಪರಿಷ್ಕರಿಸಿತು. ಸಾಮಾನ್ಯ ವಾಹನಗಳು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಬೇಕಾದ ದುಂಡನೆಯ ಉಬ್ಬಿಗೆ 1988ರಲ್ಲೇ ಅದು ಹೇಳಿದ ಅಳತೆ ಇದು: ಅಗಲ 3.7 ಮೀಟರ್, ನಡುವಿನ ಎತ್ತರ 10 ಸೆಂಟಿಮೀಟರ್, ಬಾಗಿನ ತ್ರಿಜ್ಯ 17 ಮೀಟರ್. ಮೊದಲೇ ಕಾಣುವಂತೆ ಪಟ್ಟೆಯ ಬಣ್ಣ, ಮುಂಚಿತವಾಗಿ ಎಚ್ಚರಿಕೆಯ ಫಲಕ.

ಈ ಅಂಕಿಗಳನ್ನು ಇಟ್ಟುಕೊಂಡು ಒಂದು ಸಂಜೆ ನಾವು ಕಾಗದದ ಮೇಲೆ ಲೆಕ್ಕ ಹಾಕಿದೆವು. ಹೈಸ್ಕೂಲಿನ ವೃತ್ತದ ಗಣಿತ ಸಾಕು. ನಮ್ಮ ಕಾರಿನ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು 2.6 ಮೀಟರ್. ಉಬ್ಬಿನ ಅಗಲ ಅದಕ್ಕಿಂತ ಹೆಚ್ಚಾದ್ದರಿಂದ, ಕಾರು ನಡುಮಧ್ಯದಲ್ಲಿದ್ದಾಗ ನಾಲ್ಕೂ ಚಕ್ರಗಳು ಉಬ್ಬಿನ ಮೇಲೆಯೇ ಇರುತ್ತವೆ. ಆಗ ಕಾರಿನ ಹೊಟ್ಟೆಯತ್ತ ಉಬ್ಬು ಎದ್ದು ಬರುವುದು ಸುಮಾರು 5 ಸೆಂಟಿಮೀಟರ್ ಮಾತ್ರ. ಐದು ಜನ, ಜೋಳದ ಹಿಟ್ಟು, ಊರಿನ ಉಪ್ಪಿನಕಾಯಿ ಜಾಡಿ ಎಲ್ಲವನ್ನೂ ಹೇರಿದ ಯಾವ ಸಾಮಾನ್ಯ ಕಾರಿಗೂ ಅದು ತಾಗಲಾರದು. ಇನ್ನು ನಮ್ಮ ಎರಡನೆಯ ಉಬ್ಬನ್ನು ಟೇಪು ಹಿಡಿದು ಅಳೆದೆವು. ಅಗಲ 70 ಸೆಂಟಿಮೀಟರ್, ಎತ್ತರ 15. ಇಂಥ ಉಬ್ಬು ಎರಡು ಚಕ್ರಗಳ ನಡುವೆ ಬಂದಾಗ ಇಡಿಯ 15 ಸೆಂಟಿಮೀಟರೂ ಹೊಟ್ಟೆಗೆ ಎದುರಾಗಿ ನಿಲ್ಲುತ್ತದೆ. ತಪ್ಪು ಕಾರಿನ ಎತ್ತರದಲ್ಲಿರಲಿಲ್ಲ, ಉಬ್ಬಿನ ಆಕಾರದಲ್ಲಿತ್ತು. ಎರಡೂವರೆ ಸೆಂಟಿಮೀಟರಿಗಾಗಿ ನಾವು ತೆತ್ತ ಹಣದಲ್ಲಿ ಆ ಉಬ್ಬನ್ನೇ ಅಗೆದು ಸರಿಯಾಗಿ ಕಟ್ಟಿಸಬಹುದಾಗಿತ್ತು.

ಅಗಲವಾದ ತಗ್ಗು ಉಬ್ಬು ವೇಗವನ್ನು ತಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಅದು ತಡೆಯುವ ರೀತಿ ಬೇರೆ. ನಿಗದಿತ ವೇಗದಲ್ಲಿ ಹೋದರೆ ಮೆಲ್ಲನೆ ಎತ್ತಿ ಇಳಿಸುತ್ತದೆ, ವೇಗ ಹೆಚ್ಚಿದಷ್ಟೂ ಹೆಚ್ಚು ಕುಲುಕುತ್ತದೆ. ಹಾಗಾಗಿ ಚಾಲಕ ತಾನಾಗಿ ನಿಧಾನಿಸುತ್ತಾನೆ. ಕಿರಿದಾದ ಕಡಿದಾದ ಉಬ್ಬಿನ ಗುಣ ವಿಚಿತ್ರ. ನಿಧಾನವಾಗಿ ಹೋಗುವವನಿಗೂ ಅದು ಪೆಟ್ಟು ಕೊಡುತ್ತದೆ. ವೇಗವಾಗಿ ಹೋಗುವ ದೊಡ್ಡ ಗಾಡಿಯಲ್ಲಿ ಪೆಟ್ಟಿನ ಬಹುಪಾಲನ್ನು ಟಯರು ಮತ್ತು ಸ್ಪ್ರಿಂಗುಗಳೇ ನುಂಗಿಬಿಡುತ್ತವೆ, ಒಳಗೆ ಕುಳಿತವನಿಗೆ ಕೇಳುವುದು ಒಂದು ‘ಧಡ್’ ಅಷ್ಟೇ. ಶಿಕ್ಷೆಯೆಲ್ಲ ಆಟೋದಲ್ಲಿ ಕುಳಿತ ಬಸುರಿಗೆ, ಸ್ಕೂಟರಿನ ಹಿಂದೆ ಕುಳಿತ ಬೆನ್ನುನೋವಿನವರಿಗೆ, ಹಾಲಿನ ಹುಡುಗನಿಗೆ.

ಇದು ನಮ್ಮೊಂದು ಸೊಸೈಟಿಯ ಕತೆಯಲ್ಲ. ಮಾರುಕಟ್ಟೆಯೂ ಇದೇ ದಾರಿಯಲ್ಲಿ ನಡೆಯುತ್ತಿದೆ. ನೆಲದಿಂದ ಎತ್ತರವಾಗಿ ನಿಂತ ಕಾರನ್ನೇ ಜನ ಬಯಸುತ್ತಾರೆ. ಏಕೆಂದು ಕೇಳಿದರೆ ‘ನಮ್ಮ ರಸ್ತೆಗಳಿಗೆ ಅದೇ ಸರಿ’ ಎನ್ನುತ್ತಾರೆ. ಕಾರಿನ ಹೊಟ್ಟೆ ಮತ್ತು ನೆಲದ ನಡುವಿನ ಅಂತರ ನಮ್ಮ ತೆರಿಗೆಯ ಕಾನೂನಿಗೂ ಬಂದಿದೆ. 2022ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ, ಹೆಚ್ಚಿನ ಸೆಸ್ ತೆರಬೇಕಾದ ಎಸ್‌ಯುವಿ ಯಾವುದೆಂಬುದನ್ನು ಸ್ಪಷ್ಟಪಡಿಸುವಾಗ 1500 ಸಿಸಿಗೆ ಮೀರಿದ ಎಂಜಿನ್, 4000 ಮಿಲಿಮೀಟರಿಗೆ ಮೀರಿದ ಉದ್ದ, ಇವುಗಳ ಜೊತೆಗೆ 170 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚಿನ ನೆಲದಂತರವನ್ನೂ ಲಕ್ಷಣವಾಗಿ ಹೇಳಿತು. ಆ ಅಂತರವನ್ನು ಭಾರ ಹೇರಿ ಅಳೆಯಬೇಕೋ ಖಾಲಿಯಾಗಿ ಅಳೆಯಬೇಕೋ ಎಂಬ ತಕರಾರು ಎದ್ದಾಗ, ಖಾಲಿಯಾಗಿಯೇ ಎಂದು 2023ರ ಜುಲೈಯಲ್ಲಿ ತೀರ್ಮಾನವಾಯಿತು. ಕಾರಿನ ಕೆಳಗಿನ ಗಾಳಿಯನ್ನು ಮಿಲಿಮೀಟರಿನ ಲೆಕ್ಕದಲ್ಲಿ ಅಳೆಯಬಲ್ಲ ವ್ಯವಸ್ಥೆ ನಮ್ಮದು. ಅದೇ ಕಾರು ದಾಟುವ ಉಬ್ಬನ್ನು ಅಳೆಯುವ ಟೇಪು ಮಾತ್ರ ಯಾರ ಜೇಬಿನಲ್ಲೂ ಇಲ್ಲ.

ಕಾನೂನಿನ ತಕ್ಕಡಿಯನ್ನೂ ನೋಡಿ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡೂ. ಅದೇ ತಿದ್ದುಪಡಿ 198ಎ ಎಂಬ ಇನ್ನೊಂದು ಕಲಮನ್ನೂ ತಂದಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಅದರಿಂದ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರ ಪ್ರಾಧಿಕಾರಕ್ಕೆ, ಗುತ್ತಿಗೆದಾರನಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ. ಕಾರು ಬದಲಿಸಿದವನಿಗೆ ಸೆರೆಮನೆಯ ಬಾಗಿಲು ತೆರೆದಿದೆ. ರಸ್ತೆ ಕೆಡಿಸಿದವನಿಗೆ, ಅದೂ ಜೀವವೋ ಅಂಗವೋ ಹೋದ ಮೇಲೆ, ದಂಡದ ರಸೀದಿ. ಆದರೂ ಆ ಕಲಮು ಇದೆ ಎಂಬುದು ಸಣ್ಣ ಮಾತಲ್ಲ. ಒಳ್ಳೆಯ ರಸ್ತೆ ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಬಾಂಬೆ ಹೈಕೋರ್ಟು 2015ರಲ್ಲೇ ಹೇಳಿದೆ. 2025ರ ಅಕ್ಟೋಬರಿನಲ್ಲಿ, ಗುಂಡಿಗೆ ಬಿದ್ದು ಸತ್ತವರ ಕುಟುಂಬಕ್ಕೆ ಆರು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಅದೇ ನ್ಯಾಯಾಲಯ ಆದೇಶಿಸಿದೆ. ಹಕ್ಕು ಕಾಗದದ ಮೇಲಿದೆ. ಅದನ್ನು ಕೇಳುವವರು ಬೇಕು, ಕೇಳಬಲ್ಲವರೆಲ್ಲ ಎತ್ತರದ ಕಾರಿನಲ್ಲಿ ಕುಳಿತಿದ್ದಾರೆ.

ನಮ್ಮ ಈ ಮಾತಿಗೆ ಎದುರಾಗಿ ಇರುವ ವಾದಗಳನ್ನು ನಾವು ಬಲ್ಲೆವು. ಮೊದಲನೆಯದು: ಉಬ್ಬು ಬಡವರ ಸಂಚಾರ ಪೊಲೀಸು, ಕಾರಿನ ಹೊಟ್ಟೆಗಿಂತ ಮಗುವಿನ ಜೀವ ದೊಡ್ಡದು. ನಿಸ್ಸಂಶಯವಾಗಿ ದೊಡ್ಡದು. ಆಟದ ಅಂಗಳದ ಬಳಿ ಉಬ್ಬು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಕಾರುಗಳೆಲ್ಲ ಎತ್ತರವಾದಾಗ ಆ ಉಬ್ಬು ಯಾರನ್ನು ನಿಧಾನಿಸುತ್ತದೆ? ಎತ್ತರಿಸಿದ ಮೇಲೆ ನಾವೇ ಮೊದಲಿಗಿಂತ ವೇಗವಾಗಿ ಅದನ್ನು ದಾಟುತ್ತಿದ್ದೆವು. ಇದನ್ನು ಗಮನಿಸಿದ ಸದಸ್ಯರೊಬ್ಬರು ಉಬ್ಬನ್ನು ಇನ್ನೂ ಎರಡು ಇಂಚು ಏರಿಸಬೇಕೆಂದು ಸೂಚಿಸಿದರು. ಉಬ್ಬು ಏರಿದರೆ ಕಾರು ಏರುತ್ತದೆ, ಕಾರು ಏರಿದರೆ ಉಬ್ಬು ಏರುತ್ತದೆ. ಈ ಪಂದ್ಯದಲ್ಲಿ ಗ್ಯಾರೇಜಿನವನನ್ನು ಬಿಟ್ಟು ಗೆಲ್ಲುವವರು ಯಾರೂ ಇಲ್ಲ, ಮಗುವಂತೂ ಅಲ್ಲ.

ಎರಡನೆಯದು: ವ್ಯವಸ್ಥೆ ಸರಿಹೋಗುವವರೆಗೆ ಸಾಮಾನ್ಯ ಮನುಷ್ಯ ಕಾರಿನ ತಳ ಒಡೆಸಿಕೊಳ್ಳಬೇಕೇ? ಇದು ನ್ಯಾಯವಾದ ಪ್ರಶ್ನೆ. ಮಲೆನಾಡಿನ ತೋಟದ ದಾರಿಯಲ್ಲೋ ಉತ್ತರ ಕರ್ನಾಟಕದ ಎರೆಮಣ್ಣಿನ ಕಚ್ಚಾರಸ್ತೆಯಲ್ಲೋ ನಿತ್ಯ ಓಡಾಡುವವರು ಎತ್ತರದ ವಾಹನವನ್ನೇ ಕೊಳ್ಳಲಿ. ಅಲ್ಲಿ ನೆಲದ ಸ್ವಭಾವವೇ ಹಾಗಿದೆ. ನಗರದ ಡಾಂಬರು ರಸ್ತೆಯ ಮೇಲಿನ ಉಬ್ಬು ನಿಸರ್ಗವಲ್ಲ. ಯಾರೋ ಕೇಳಿದ್ದು, ಯಾರೋ ಮಂಜೂರು ಮಾಡಿದ್ದು, ಯಾರೋ ಸಲಿಕೆಯಿಂದ ಸುರಿದದ್ದು. ಮನುಷ್ಯರು ತಪ್ಪಾಗಿ ಕಟ್ಟಿದ್ದನ್ನು ಬೆಟ್ಟವೆಂಬಂತೆ ಒಪ್ಪಿಕೊಳ್ಳುವುದನ್ನು ನಾವು ಸಹನೆ ಎನ್ನುವುದಿಲ್ಲ.

ಕಳೆದ ವಾರ್ಷಿಕ ಸಭೆಯಲ್ಲಿ ನಾವು ಆ ಲೆಕ್ಕದ ಕಾಗದವನ್ನು ಮುಂದಿಟ್ಟೆವು. ಒಂದೂವರೆ ಗಂಟೆ ಚರ್ಚೆಯಾಯಿತು. ಸೈಕಲ್ಲಿನ ಹುಡುಗಿಯ ತಂದೆಯವರೇ ಎಲ್ಲರಿಗಿಂತ ಹೆಚ್ಚು ಅನುಮಾನಪಟ್ಟರು, ಅದು ಸಹಜ. ಕೊನೆಗೆ ಒಂದು ಉಬ್ಬನ್ನು ಮಾತ್ರ ಪರೀಕ್ಷಾರ್ಥವಾಗಿ ಬದಲಿಸುವುದೆಂದಾಯಿತು. ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ಕಪ್ಪು ಬಿಳಿ ಪಟ್ಟೆ, ಪಕ್ಕದಲ್ಲಿ ದೀಪ. ಕಟ್ಟುವಾಗ ಇಬ್ಬರು ನಿವೃತ್ತ ಹಿರಿಯರು ಮರದ ಅಚ್ಚು ಮಾಡಿಸಿಕೊಂಡು ಬಂದು ಬಿಸಿಲಿನಲ್ಲಿ ನಿಂತರು. ಎರಡು ತಿಂಗಳು ನೋಡಿದ ಮೇಲೆ ಹುಡುಗಿಯ ತಂದೆ ಉಳಿದ ಮೂರಕ್ಕೂ ತಾವೇ ಸೂಚನೆ ಮಂಡಿಸಿದರು. ಹಾಲಿನ ಹುಡುಗ ಮತ್ತೆ ಕೆಲಸಕ್ಕೆ ಬರುತ್ತಿದ್ದಾನೆ. ಮಣಿಕಟ್ಟು ಮಳೆಗಾಲದಲ್ಲಿ ನೋಯುತ್ತದೆಯಂತೆ.

ಹೊರಗಿನ ಐದು ಉಬ್ಬುಗಳು ಹಾಗೆಯೇ ಇವೆ. ಅವುಗಳ ಅಳತೆ ಬರೆದು, ಚಿತ್ರ ಲಗತ್ತಿಸಿ ಪಾಲಿಕೆಗೆ ಎರಡು ಅರ್ಜಿ ಕೊಟ್ಟಿದ್ದೇವೆ. ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿಗಳು ನಮ್ಮಲ್ಲಿವೆ. ಕಡತಗಳ ನಡುವೆಯೇ ಅನ್ನ ದುಡಿಯುವ ನಮಗೆ ಅವು ಎಷ್ಟು ನಿಧಾನವಾಗಿ ಚಲಿಸುತ್ತವೆ ಎಂಬುದೂ ಗೊತ್ತು, ಬೆನ್ನು ಹತ್ತಿದರೆ ಚಲಿಸುತ್ತವೆ ಎಂಬುದೂ ಗೊತ್ತು. ಮೂರನೆಯ ಅರ್ಜಿಗೆ ಅಕ್ಕಪಕ್ಕದ ನಾಲ್ಕು ಸೊಸೈಟಿಗಳ ಸಹಿ ಸೇರಿಸುತ್ತಿದ್ದೇವೆ.

ಈ ನಡುವೆ ರಬ್ಬರಿನ ಬಿಲ್ಲೆಗಳನ್ನೂ ಸ್ಪೇಸರುಗಳನ್ನೂ ತೆಗೆಸಿದ್ದೇವೆ. ಹೊಸ ಶಾಕ್ ಅಬ್ಸಾರ್ಬರುಗಳು ತಮ್ಮ ಕೆಲಸವನ್ನು ಈಗ ನೆಟ್ಟಗೆ ಮಾಡುತ್ತಿವೆ. ಕಳೆದ ವಾರ ಹಿರಿಯರು ಬಂದಿದ್ದಾಗ ಹೊರಗಿನ ಮೂರನೆಯ ಉಬ್ಬಿನ ಮೇಲೆ ಮತ್ತೆ ಆ ಕರಕರ ಸದ್ದಾಯಿತು. ತಂದೆಯವರು ಉಸಿರು ಬಿಗಿಹಿಡಿದು ಮೇಲೆದ್ದರು. ‘ಆ ರಬ್ಬರು ಮತ್ತೆ ಹಾಕಿಸಬಾರದೇ?’ ಎಂದರು. ಈ ಐದೂ ಸರಿಯಾಗುವವರೆಗೆ ಆ ಸದ್ದು ನಮಗೆ ಕೇಳುತ್ತಿರಲಿ ಎಂದೆವು. ಮರುದಿನ ಬೆಳಿಗ್ಗೆ ಅವರು ಟೇಪಿನ ಇನ್ನೊಂದು ತುದಿ ಹಿಡಿಯಲು ನಮ್ಮ ಜೊತೆ ಬಂದರು.